ಸದ್ದಿಲ್ಲದ ಕಳ್ಳನಿಗೆ ಬಾಗಿಲು ತೆಗೆದವರು ಯಾರು?



ನಿಮ್ಮ ಕಂಪ್ಯೂಟರ್ ಚೆನ್ನಾಗಿ ನಡೀತಾ ಇದೆಯಾ? ಹ್ಯಾಂಗ್ ಆಗ್ತಿಲ್ವಾ? ಫೈಲ್‌ಗಳೆಲ್ಲ ಇದ್ದ ಜಾಗದಲ್ಲೇ ಇವೆಯಾ? ಸಂತೋಷ. ಆದರೆ ಅಷ್ಟಕ್ಕೇ ಅದು ಸುರಕ್ಷಿತವಾಗಿದೆ ಅಂತ ತೀರ್ಮಾನಕ್ಕೆ ಬರಬೇಡಿ. ಯಾಕಂದ್ರೆ ನಾನು ಇವತ್ತು ಹೇಳೋಕೆ ಹೊರಟಿರುವ ಕಳ್ಳನಿಗೆ ನಿಮ್ಮ ಕಂಪ್ಯೂಟರ್ ಚೆನ್ನಾಗಿರಬೇಕು, ನಿಮಗಿಂತ ಹೆಚ್ಚಾಗಿ ಅವನಿಗೇ ಅದು ಬೇಕು.

ವೈರಸ್ ಅನ್ನೋದು ಗೂಳಿ ಇದ್ದ ಹಾಗೆ. ಒಳಗೆ ನುಗ್ಗುತ್ತೆ, ಪಾತ್ರೆ ಪಗಡೆ ಬೀಳಿಸುತ್ತೆ, ಮನೆಯವರಿಗೆ ಗೊತ್ತಾಗುತ್ತೆ. ಸ್ಪೈವೇರ್ ಹಾಗಲ್ಲ. ಅಟ್ಟದ ಮೇಲೆ ಬಚ್ಚಿಟ್ಟುಕೊಂಡು ಕೂತವನ ಹಾಗೆ. ಸದ್ದು ಮಾಡಲ್ಲ, ಏನನ್ನೂ ಮುರಿಯಲ್ಲ. ನೀವು ಯಾರ ಜೊತೆ ಮಾತಾಡ್ತೀರಿ, ಬೀರುವಿನ ಕೀ ಎಲ್ಲಿಡ್ತೀರಿ, ಯಾವ ದಿನ ಊರಿಗೆ ಹೋಗ್ತೀರಿ ಅನ್ನೋದನ್ನೆಲ್ಲ ಮೇಲಿಂದ ನೋಡ್ತಾ ಇರುತ್ತೆ. ನೋಡಿದ್ದನ್ನು ಹೊರಗೆ ನಿಂತ ಇನ್ನೊಬ್ಬನಿಗೆ ದಾಟಿಸುತ್ತೆ. ಕನ್ನಡ ಪತ್ರಿಕೆಗಳು ಇದಕ್ಕೆ ಗೂಢಚರ್ಯೆ ತಂತ್ರಾಂಶ, ಬೇಹು ತಂತ್ರಾಂಶ ಅಂತೆಲ್ಲ ಬರೀತಾವೆ. ಹೆಸರು ಏನಾದರೂ ಇರಲಿ, ಕೆಲಸ ಒಂದೇ. ನೀವು ಕೀಲಿಮಣೆಯ ಮೇಲೆ ಒತ್ತಿದ ಪ್ರತಿ ಅಕ್ಷರ, ತೆರೆಯ ಮೇಲೆ ಕಾಣೋ ಪ್ರತಿ ಚಿತ್ರ, ಬ್ರೌಸರ್ ನೆನಪಿಟ್ಟುಕೊಂಡಿರುವ ಪಾಸ್‌ವರ್ಡ್, ಮೊಬೈಲ್‌ಗೆ ಬರುವ ಒಟಿಪಿ, ಬೇಕಾದರೆ ನಿಮ್ಮ ಮೈಕು, ನಿಮ್ಮ ಕ್ಯಾಮೆರಾ, ಇವುಗಳನ್ನೆಲ್ಲ ನಿಮಗೆ ಹೇಳದೆ ಬೇರೆಯವರಿಗೆ ಒಪ್ಪಿಸೋದು.

ಗೋಡೆಗೂ ಕಿವಿ ಇರುತ್ತೆ ಅಂತ ನಮ್ಮ ಹಿರಿಯರು ಹೇಳ್ತಿದ್ರು. ಈಗ ಆ ಗೋಡೆಯನ್ನು ನಾವು ದುಡ್ಡು ಕೊಟ್ಟು ಕೊಂಡು ಜೇಬಿನಲ್ಲಿ ಇಟ್ಟುಕೊಂಡು ಓಡಾಡ್ತಿದ್ದೀವಿ.

ಇದು ನಿನ್ನೆ ಮೊನ್ನೆ ಹುಟ್ಟಿದ್ದೂ ಅಲ್ಲ. 'ಸ್ಪೈವೇರ್' ಅನ್ನೋ ಪದ 1995ರಷ್ಟು ಹಿಂದೆಯೇ ಇಂಟರ್ನೆಟ್‌ನಲ್ಲಿ ಕಾಣಿಸಿಕೊಂಡಿತ್ತು. 2000ನೇ ಇಸವಿಯ ಆಚೀಚೆ ಅದು ಮನೆಮಾತಾಯಿತು. ಆಗಿನ ಸೈಬರ್ ಕೆಫೆಗಳನ್ನು ನೆನಪಿಸಿಕೊಳ್ಳಿ. ಹಾಡು ಇಳಿಸಿಕೊಳ್ಳೋ ಉಚಿತ ಸಾಫ್ಟ್‌ವೇರ್ ಹಾಕಿದ್ರೆ ಅದರ ಬಾಲಕ್ಕೆ ಇನ್ನೆರಡು ಮೂರು ಕಾರ್ಯಕ್ರಮ ಅಂಟಿಕೊಂಡು ಬರ್ತಿದ್ದವು. ಬ್ರೌಸರ್ ತೆಗೆದ್ರೆ ತಲೆ ಮೇಲೆ ನಾಲ್ಕು ಟೂಲ್‌ಬಾರ್. ಯಾವ ಪುಟ ನೋಡ್ತೀರಿ ಅಂತ ಲೆಕ್ಕ ಇಟ್ಟು ಜಾಹೀರಾತು ಕಂಪನಿಗೆ ಮಾರೋದು ಅವುಗಳ ದಂಧೆ.

ಉಚಿತವಾಗಿ ಬಂದದ್ದು ಮಾತ್ರ ಅಪಾಯ, ಅಂಗಡಿಯಲ್ಲಿ ದುಡ್ಡು ಕೊಟ್ಟು ತಂದದ್ದು ಸುರಕ್ಷಿತ ಅಂತ ಅಂದುಕೊಂಡವರಿಗೂ 2005ರಲ್ಲಿ ಪಾಠ ಆಯ್ತು. ಆ ವರ್ಷ ಅಕ್ಟೋಬರ್ 31ರಂದು ಮಾರ್ಕ್ ರುಸಿನೋವಿಚ್ ಅನ್ನೋ ಅಮೆರಿಕದ ತಂತ್ರಜ್ಞ ಒಂದು ವಿಷಯ ಬಯಲಿಗೆಳೆದರು. ಸೋನಿ ಬಿಎಂಜಿ ಅನ್ನೋ ದೊಡ್ಡ ಸಂಗೀತ ಕಂಪನಿಯ ಸಿಡಿಯನ್ನು ಕಂಪ್ಯೂಟರ್‌ಗೆ ಹಾಕಿದ್ರೆ, ಹಾಡು ನಕಲು ಮಾಡೋದನ್ನು ತಡೆಯುವ ನೆಪದಲ್ಲಿ ಒಂದು ತಂತ್ರಾಂಶ ಒಳಗೆ ಇಳಿದು, ವಿಂಡೋಸ್ ಕಣ್ಣಿಗೂ ಬೀಳದ ಹಾಗೆ ಅಡಗಿ ಕೂರ್ತಿತ್ತು. ಕೋಲಾಹಲ ಆಯ್ತು. ಕೇಸು ಬಿತ್ತು. ಕಂಪನಿ ಆ ಸಿಡಿಗಳನ್ನು ಮಾರುಕಟ್ಟೆಯಿಂದ ವಾಪಸ್ ತೆಗೆದುಕೊಂಡಿತು. ಹಾಡು ಕೇಳೋಣ ಅಂತ ಸಿಡಿ ಕೊಂಡ್ರೆ, ಅದೇ ಸಿಡಿ ನಿಮ್ಮ ಕಂಪ್ಯೂಟರ್ ಒಳಗೆ ಕಾವಲುಗಾರನನ್ನು ಕೂರಿಸಿತ್ತು!

ಸರಿ, ಅದು ಹಳೇ ಕಥೆ. ಇವತ್ತು ಅವನು ಹೇಗೆ ಬರ್ತಾನೆ? ನಾನು ಮೂರು ಬಾಗಿಲು ಹೇಳ್ತೀನಿ. ಮೂರನ್ನೂ ಒಳಗಿನಿಂದಲೇ ತೆಗೆಯಬೇಕು. ಅದನ್ನು ಗಮನದಲ್ಲಿ ಇಟ್ಟುಕೊಳ್ಳಿ.

ಮೊದಲನೇ ಬಾಗಿಲು, ಅವಸರ.

ವಾಟ್ಸ್ಆ್ಯಪ್‌ನಲ್ಲಿ ಒಂದು ಮದುವೆ ಕರೆಯೋಲೆ ಬರುತ್ತೆ. ನಿಮ್ಮ ಪರಿಚಯದವರ ನಂಬರ್‌ನಿಂದಲೇ ಬಂದಿರಬಹುದು. ಯಾರ ಮದುವೆಯಪ್ಪಾ ಅಂತ ಒತ್ತುತ್ತೀರಿ. ಕೆಲವರಿಗೆ ಟ್ರಾಫಿಕ್ ದಂಡದ ಚಲನ್ ಬರುತ್ತೆ. ಕೆಲವರಿಗೆ ರೈತರ ಸಹಾಯಧನದ ಅರ್ಜಿ, ಕೆಲವರಿಗೆ ಬ್ಯಾಂಕಿನ ಕೆವೈಸಿ, ಇವತ್ತೇ ಮಾಡದಿದ್ರೆ ಖಾತೆ ಬಂದ್. ವೇಷ ಬೇರೆ, ಒಳಗಿರೋ ಆಸಾಮಿ ಒಬ್ಬನೇ. ಫೈಲ್‌ನ ಹೆಸರಿನ ಕೊನೆ ಮೂರು ಅಕ್ಷರ ಓದಿ. ಎಪಿಕೆ ಅಂತ ಇದ್ರೆ ಅದು ಚಿತ್ರ ಅಲ್ಲ, ಕಾಗದ ಅಲ್ಲ. ಅದೊಂದು ಆ್ಯಪ್.

ಅದನ್ನು ಒತ್ತಿದ ತಕ್ಷಣ ಏನಾಗುತ್ತೆ? ನಿಮ್ಮ ಫೋನು ಕೇಳುತ್ತೆ, ಸ್ವಾಮಿ, ಇದು ಅಪರಿಚಿತ ಮೂಲದಿಂದ ಬಂದಿದೆ, ಹಾಕಲಾ? ನೀವು ಹೂಂ ಅಂತೀರಿ. ಆಮೇಲೆ ಆ ಆ್ಯಪ್ ಕೇಳುತ್ತೆ, ನಿಮ್ಮ ಎಸ್‌ಎಂಎಸ್ ಓದಲಾ? ಹೂಂ. ನಿಮ್ಮ ಕಾಂಟ್ಯಾಕ್ಟ್ಸ್ ನೋಡಲಾ? ಹೂಂ. ಕೊನೆಗೆ ಆ್ಯಕ್ಸೆಸಿಬಿಲಿಟಿ ಅನುಮತಿ ಕೊಡಿ ಅನ್ನುತ್ತೆ. ಈ ಅನುಮತಿ ಇರೋದು ಯಾರಿಗೆ ಗೊತ್ತಾ? ದೃಷ್ಟಿ ಇಲ್ಲದವರಿಗೆ ತೆರೆಯನ್ನು ಓದಿ ಹೇಳೋಕೆ, ಕೈ ಆಡದವರ ಪರವಾಗಿ ಬಟನ್ ಒತ್ತೋಕೆ. ಅಂದರೆ ತೆರೆಯ ಮೇಲಿರೋದನ್ನೆಲ್ಲ ಓದುವ ಮತ್ತು ನಿಮ್ಮ ಪರವಾಗಿ ಒತ್ತುವ ಅಧಿಕಾರ. ಅಂಥ ಒಳ್ಳೇ ಉದ್ದೇಶದ ಬಾಗಿಲನ್ನು ಈ ಕಳ್ಳ ಬಳಸಿಕೊಳ್ತಾನೆ. ಅದಕ್ಕೂ ನೀವು ಹೂಂ ಅಂದ್ರೆ ಮುಗೀತು. ಒಟಿಪಿ ಬಂದದ್ದು ನಿಮಗಿಂತ ಮೊದಲು ಅವನಿಗೆ ಗೊತ್ತಾಗುತ್ತೆ. ಅದೇ ಕರೆಯೋಲೆ ನಿಮ್ಮ ಹೆಸರಿನಲ್ಲಿ ನಿಮ್ಮ ಬಂಧು ಬಳಗಕ್ಕೂ ಹೋಗುತ್ತೆ. ಅವರೂ ನಿಮ್ಮನ್ನು ನಂಬಿ ಒತ್ತುತ್ತಾರೆ.

ಒಂದೇ ಒಂದು ಮಾತು ನೆನಪಿಡಿ. ಮದುವೆ ಕರೆಯೋಲೆ ಓದೋಕೆ ಬರುತ್ತೆ, ಕೇಳೋಕೆ ಬರುತ್ತೆ, ನೋಡೋಕೆ ಬರುತ್ತೆ. ಇನ್‌ಸ್ಟಾಲ್ ಮಾಡೋ ಮದುವೆ ಈ ಭೂಮಿ ಮೇಲೆ ಯಾವುದೂ ಇಲ್ಲ.

ಎರಡನೇ ಬಾಗಿಲು, ಪುಗಸಟ್ಟೆ.

ನಮ್ಮ ಊರೂರಲ್ಲಿ ಡಿಟಿಪಿ ಸೆಂಟರ್‌ಗಳಿವೆ, ಸೈಬರ್ ಸೆಂಟರ್‌ಗಳಿವೆ, ಫೋಟೊ ಸ್ಟುಡಿಯೊಗಳಿವೆ. ಹಗಲು ರಾತ್ರಿ ದುಡಿಯುವ ಜನ. ಆದರೆ ಎಷ್ಟೋ ಕಡೆ ಕಂಪ್ಯೂಟರ್‌ನಲ್ಲಿ ಓಡೋದು 'ಕ್ರ್ಯಾಕ್' ಸಾಫ್ಟ್‌ವೇರ್. ಅದನ್ನು ಹಾಕೋ ಮುಂಚೆ ಒಂದು ಸೂಚನೆ ಇರುತ್ತೆ, ಗಮನಿಸಿದ್ದೀರಾ? ಮೊದಲು ನಿಮ್ಮ ಆ್ಯಂಟಿವೈರಸ್ ಆಫ್ ಮಾಡಿ ಅಂತ! ನಿಮ್ಮ ಮನೆಗೆ ಒಬ್ಬ ಬರ್ತಾನೆ, ಒಳಗೆ ಬರೋ ಮುಂಚೆ ನಾಯಿಯನ್ನು ಕಟ್ಟಿಹಾಕಿ ಅಂತಾನೆ, ಸಿಸಿಟಿವಿ ಆರಿಸಿ ಅಂತಾನೆ. ಅವನನ್ನು ಕೂರಿಸಿ ಕಾಫಿ ಕೊಡ್ತೀರಾ? ಕಂಪ್ಯೂಟರ್ ವಿಷಯದಲ್ಲಿ ಕೊಡ್ತೀವಿ.

ಇಂಥ ಕ್ರ್ಯಾಕ್‌ಗಳ ಜೊತೆ ಬರುವ ಒಂದು ಜಾತಿಗೆ ಇನ್ಫೋಸ್ಟೀಲರ್ ಅಂತ ಹೆಸರು. 2025ರ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್ ಮತ್ತು ಹಲವು ದೇಶಗಳ ತನಿಖಾ ಸಂಸ್ಥೆಗಳು ಸೇರಿ ಲುಮ್ಮಾ ಅನ್ನೋ ಒಂದರ ಜಾಲಕ್ಕೆ ಕೈ ಹಾಕಿದವು. ಆಗ ಮೈಕ್ರೋಸಾಫ್ಟ್ ಕೊಟ್ಟ ಲೆಕ್ಕ ಏನು ಗೊತ್ತಾ? ಕೇವಲ ಎರಡು ತಿಂಗಳ ಅವಧಿಯಲ್ಲಿ ಜಗತ್ತಿನಾದ್ಯಂತ 3,94,000ಕ್ಕೂ ಹೆಚ್ಚು ವಿಂಡೋಸ್ ಕಂಪ್ಯೂಟರ್‌ಗಳಲ್ಲಿ ಅದು ಸಿಕ್ಕಿತ್ತು. ಒಂದೇ ಜಾತಿ, ಎರಡೇ ತಿಂಗಳು.

ಇದರ ಕೆಲಸ ನಿಮಿಷಗಳಲ್ಲಿ ಮುಗಿದು ಹೋಗುತ್ತೆ. ಬ್ರೌಸರ್‌ನಲ್ಲಿ ಸೇವ್ ಮಾಡಿದ ಪಾಸ್‌ವರ್ಡ್‌ಗಳನ್ನು ಮೂಟೆ ಕಟ್ಟುತ್ತೆ. ಜೊತೆಗೆ ಕುಕಿ ಅನ್ನೋದನ್ನೂ ಒಯ್ಯುತ್ತೆ. ಕುಕಿ ಅಂದ್ರೆ ಜಾತ್ರೆಯಲ್ಲಿ ಒಂದು ಸಲ ಟಿಕೆಟ್ ತೋರಿಸಿದ ಮೇಲೆ ಕೈ ಮೇಲೆ ಒತ್ತುವ ಮುದ್ರೆ ಇದ್ದ ಹಾಗೆ. ಆ ಮುದ್ರೆ ಇದ್ರೆ ಬಾಗಿಲಲ್ಲಿ ಮತ್ತೆ ಟಿಕೆಟ್ ಕೇಳಲ್ಲ. ನಿಮ್ಮ ಇಮೇಲ್ ಪ್ರತಿ ಸಲ ಪಾಸ್‌ವರ್ಡ್ ಕೇಳದೆ ತೆರೆದುಕೊಳ್ಳುತ್ತಲ್ಲ, ಅದು ಈ ಮುದ್ರೆಯಿಂದ. ಕಳ್ಳ ಆ ಮುದ್ರೆಯನ್ನೇ ಕದ್ದರೆ ಅವನಿಗೆ ಪಾಸ್‌ವರ್ಡೂ ಬೇಡ, ಒಟಿಪಿಯೂ ಬೇಡ. ಯೂಟ್ಯೂಬ್ ಚಾನೆಲ್ ಹ್ಯಾಕ್ ಆಯ್ತು, ಫೇಸ್‌ಬುಕ್ ಪೇಜ್ ಹೋಯ್ತು, ಒಟಿಪಿ ಬರಲೇ ಇಲ್ಲ ಅಂತ ಜನ ಗಾಬರಿಯಾಗ್ತಾರಲ್ಲ, ಅಂಥ ಎಷ್ಟೋ ಪ್ರಕರಣಗಳ ಹಿಂದಿನ ಗುಟ್ಟು ಇದು.

ಆ ಸೈಬರ್ ಸೆಂಟರ್‌ನಲ್ಲಿ ಬರೀ ಮಾಲೀಕನ ಪಾಸ್‌ವರ್ಡ್ ಇರಲ್ಲ ಅನ್ನೋದನ್ನೂ ಯೋಚನೆ ಮಾಡಿ. ರೇಷನ್ ಕಾರ್ಡ್ ಅರ್ಜಿ ಹಾಕಿದವರ ಆಧಾರ್ ಪ್ರತಿ ಇರುತ್ತೆ. ಕಾಲೇಜಿಗೆ ಸೇರೋ ಹುಡುಗಿಯ ಅಂಕಪಟ್ಟಿ, ಫೋಟೊ, ಫೋನ್ ನಂಬರ್ ಇರುತ್ತೆ. ಅವರು ಯಾವ ಕ್ರ್ಯಾಕನ್ನೂ ಹಾಕಿದವರಲ್ಲ. ಆದರೂ ಅವರ ಬದುಕಿನ ಕಾಗದಗಳು ಯಾರದೋ ಕೈ ಸೇರ್ತಾವೆ.

ಮೂರನೇ ಬಾಗಿಲು, ನಂಬಿಕೆ. ಇದನ್ನು ಮನೆಯಲ್ಲಿ ಎಲ್ಲರೂ ಕೂತು ಕೇಳಿಸಿಕೊಳ್ಳಬೇಕು.

ಕೆಲವು ಸ್ಪೈವೇರ್ ದೂರದಿಂದ ಬರೋದಿಲ್ಲ. ಪಕ್ಕದ ಕೋಣೆಯಿಂದ ಬರುತ್ತೆ. ಹೆಂಡತಿ ಸ್ನಾನಕ್ಕೆ ಹೋದಾಗ ಗಂಡ ಅವಳ ಫೋನಿಗೆ ಒಂದು ಆ್ಯಪ್ ಹಾಕ್ತಾನೆ. ಪ್ರೀತಿಸ್ತೀನಿ ಅಂದವನು ಹುಡುಗಿಯ ಫೋನಿಗೆ ಹಾಕ್ತಾನೆ. ಇಂಗ್ಲಿಷ್‌ನಲ್ಲಿ ಇದನ್ನು ಸ್ಟಾಕರ್‌ವೇರ್ ಅಂತಾರೆ. ಬೆನ್ನು ಹತ್ತೋ ತಂತ್ರಾಂಶ. ಅವಳು ಎಲ್ಲಿದ್ದಾಳೆ, ತವರಿಗೆ ಏನು ಮೆಸೇಜ್ ಕಳಿಸಿದಳು, ಯಾವ ವಕೀಲರಿಗೆ ಫೋನ್ ಮಾಡಿದಳು, ಎಲ್ಲ ಅವನಿಗೆ ಕಾಣುತ್ತೆ. ಇಂಥವು 'ಮಕ್ಕಳ ಮೇಲೆ ನಿಗಾ', 'ಸಿಬ್ಬಂದಿ ಮೇಲೆ ನಿಗಾ' ಅನ್ನೋ ಬೋರ್ಡ್ ಹಾಕಿಕೊಂಡು ಮಾರಾಟ ಆಗ್ತಾವೆ. ಇದು ಪ್ರೀತಿ ಅಲ್ಲ, ಕಾಳಜಿ ಅಲ್ಲ, ಜೈಲು. ಕಾನೂನಿನ ದೃಷ್ಟಿಯಲ್ಲೂ ಇನ್ನೊಬ್ಬರ ಸಾಧನದಲ್ಲಿ ಅವರ ಒಪ್ಪಿಗೆ ಇಲ್ಲದೆ ಇಂಥದ್ದನ್ನು ಹಾಕೋದು ತಪ್ಪು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 43 ಮತ್ತು 66ನೇ ಸೆಕ್ಷನ್‌ಗಳ ಪ್ರಕಾರ ಮೂರು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ, ಅಥವಾ ಎರಡೂ ಆಗಬಹುದು. ಗಂಡ ಅಂದ ಮಾತ್ರಕ್ಕೆ ವಿನಾಯಿತಿ ಅಂತ ಅಲ್ಲಿ ಬರೆದಿಲ್ಲ.

ಇಂಥ ಅನುಮಾನ ಇರೋ ಹೆಣ್ಣುಮಕ್ಕಳಿಗೆ ಒಂದು ಎಚ್ಚರಿಕೆ. ಆ್ಯಪ್ ಸಿಕ್ಕ ತಕ್ಷಣ ಅಳಿಸೋಕೆ ಹೋಗಬೇಡಿ. ಅಳಿಸಿದ್ದು ಅವನಿಗೆ ಗೊತ್ತಾಗುತ್ತೆ. ಹೊಡೆಯೋ ಕೈ ಆಗಿದ್ರೆ ಅಪಾಯ ಹೆಚ್ಚಾಗುತ್ತೆ. ಸಾಕ್ಷಿಯೂ ಹೋಗುತ್ತೆ. ಮೊದಲು ಬೇರೆಯವರ ಫೋನಿನಿಂದ, ನಂಬಿಕೆಯ ಗೆಳತಿಯ ಅಥವಾ ಸಹೋದ್ಯೋಗಿಯ ಫೋನಿನಿಂದ, 181ಕ್ಕೆ ಮಾತಾಡಿ. ಅದು ಮಹಿಳಾ ಸಹಾಯವಾಣಿ. ಸುರಕ್ಷಿತ ಜಾಗ ಸಿಕ್ಕ ಮೇಲೆ ಫೋನಿನ ವಿಷಯ ನೋಡಿಕೊಳ್ಳೋಣ.

ಅವಸರ, ಪುಗಸಟ್ಟೆ, ನಂಬಿಕೆ. ಈ ಮೂರು ಬಾಗಿಲಿನ ಚಿಲಕ ನಮ್ಮ ಕೈಯಲ್ಲಿದೆ. ಆದರೆ ನಾಲ್ಕನೇದೊಂದಿದೆ. ಅದರ ಚಿಲಕ ನಮ್ಮ ಕೈಯಲ್ಲಿ ಇಲ್ಲ. ಅದನ್ನು ಹೇಳದೆ ಈ ಮಾತು ಮುಗಿಸಿದ್ರೆ ನಿಮಗೆ ಅರ್ಧ ಸತ್ಯ ಹೇಳಿದ ಹಾಗಾಗುತ್ತೆ.

ಪೆಗಾಸಸ್ ಹೆಸರು ನೀವೆಲ್ಲ ಕೇಳಿದ್ದೀರಿ. ಇಸ್ರೇಲ್‌ನ ಎನ್‌ಎಸ್‌ಒ ಗ್ರೂಪ್ ಅನ್ನೋ ಕಂಪನಿ ತಯಾರಿಸಿದ್ದು. 2016ರಲ್ಲಿ ಯುಎಇಯ ಮಾನವ ಹಕ್ಕು ಹೋರಾಟಗಾರ ಅಹ್ಮದ್ ಮನ್ಸೂರ್ ಅವರಿಗೆ ಒಂದು ಎಸ್‌ಎಂಎಸ್ ಬಂತು. ಜೈಲುಗಳಲ್ಲಿ ನಡೆಯೋ ಚಿತ್ರಹಿಂಸೆಯ ರಹಸ್ಯ ಬೇಕಾ, ಈ ಲಿಂಕ್ ಒತ್ತಿ ಅಂತ. ಅವರು ಒತ್ತಲಿಲ್ಲ. ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯದ ಸಿಟಿಜನ್ ಲ್ಯಾಬ್‌ಗೆ ಅದನ್ನು ಕಳಿಸಿದರು. ಆ ಒಂದು ಎಚ್ಚರದಿಂದ ಪೆಗಾಸಸ್ ಜಗತ್ತಿನ ಕಣ್ಣಿಗೆ ಬಿತ್ತು. ಆಪಲ್ ಕಂಪನಿ ತರಾತುರಿಯಲ್ಲಿ ತನ್ನ ಐಫೋನ್‌ಗಳಿಗೆ ರಿಪೇರಿ ಕಳಿಸಬೇಕಾಯ್ತು. ಆಗ ಒತ್ತಬೇಕಿತ್ತು, ನೆನಪಿಡಿ. 2019ರ ಹೊತ್ತಿಗೆ ಒತ್ತೋದೂ ಬೇಡವಾಯ್ತು. ವಾಟ್ಸ್ಆ್ಯಪ್‌ನಲ್ಲಿ ಒಂದು ಕರೆ ಬಂದ್ರೆ ಸಾಕು, ಎತ್ತದಿದ್ರೂ ಪರವಾಗಿಲ್ಲ. ಹೀಗೆ ಸುಮಾರು 1,400 ಜನರನ್ನು ಗುರಿ ಮಾಡಲಾಯ್ತು ಅಂತ ವಾಟ್ಸ್ಆ್ಯಪ್ ಕಂಪನಿ ಅಮೆರಿಕದ ಕೋರ್ಟಿಗೆ ಹೋಯ್ತು. ಅವರಲ್ಲಿ ಭಾರತದ ಪತ್ರಕರ್ತರು, ವಕೀಲರು, ಹೋರಾಟಗಾರರು ಇದ್ದರು.

2021ರ ಜುಲೈನಲ್ಲಿ ಹಲವು ದೇಶಗಳ ಪತ್ರಿಕೆಗಳು ಸೇರಿ ಸುಮಾರು 50,000 ಫೋನ್ ನಂಬರ್‌ಗಳ ಒಂದು ಪಟ್ಟಿಯ ವಿಷಯ ಪ್ರಕಟಿಸಿದವು. ಆ ಪಟ್ಟಿ ನಮ್ಮ ಕರ್ನಾಟಕದ ಮನೆ ಬಾಗಿಲಿಗೂ ಬಂತು. 2019ರಲ್ಲಿ ಜೆಡಿಎಸ್-ಕಾಂಗ್ರೆಸ್ ಸರ್ಕಾರ ಅಲ್ಲಾಡ್ತಿದ್ದ ದಿನಗಳು. ಆಗಿನ ಉಪಮುಖ್ಯಮಂತ್ರಿ ಜಿ. ಪರಮೇಶ್ವರ್ ಅವರ ನಂಬರ್, ಕುಮಾರಸ್ವಾಮಿ ಮತ್ತು ಸಿದ್ದರಾಮಯ್ಯ ಅವರ ಆಪ್ತ ಕಾರ್ಯದರ್ಶಿಗಳ ನಂಬರ್ ಆ ಪಟ್ಟಿಯಲ್ಲಿದ್ದವು ಅಂತ ವರದಿ ಬಂತು. ಪಟ್ಟಿಯಲ್ಲಿ ನಂಬರ್ ಇದ್ದ ಮಾತ್ರಕ್ಕೆ ಫೋನಿನೊಳಗೆ ಪೆಗಾಸಸ್ ಹೊಕ್ಕಿತ್ತು ಅಂತ ಅರ್ಥ ಅಲ್ಲ. ಆ ಪಟ್ಟಿಗೂ ನಮಗೂ ಸಂಬಂಧ ಇಲ್ಲ ಅಂತ ಎನ್‌ಎಸ್‌ಒ ಹೇಳಿತು. ಅಕ್ರಮ ಕದ್ದಾಲಿಕೆ ನಡೆದಿಲ್ಲ ಅಂತ ಕೇಂದ್ರ ಸರ್ಕಾರವೂ ಹೇಳಿತು. ಆದರೆ ಎನ್‌ಎಸ್‌ಒ ಇನ್ನೊಂದು ಮಾತನ್ನೂ ಮೊದಲಿಂದ ಹೇಳ್ತಾ ಬಂದಿದೆ. ನಾವು ಮಾರೋದು ಸರ್ಕಾರಗಳ ಸಂಸ್ಥೆಗಳಿಗೆ ಮಾತ್ರ ಅಂತ.

ಸುಪ್ರೀಂ ಕೋರ್ಟ್ 2021ರ ಅಕ್ಟೋಬರ್ 27ರಂದು ತಾಂತ್ರಿಕ ಸಮಿತಿ ಮಾಡಿತು. ಅದರ ಉಸ್ತುವಾರಿಗೆ ಕೂತವರು ನಮ್ಮ ಕರ್ನಾಟಕ ಹೈಕೋರ್ಟ್‌ನಲ್ಲಿ ನ್ಯಾಯಮೂರ್ತಿಗಳಾಗಿದ್ದು ಸುಪ್ರೀಂ ಕೋರ್ಟ್‌ಗೆ ಹೋದ ಆರ್.ವಿ. ರವೀಂದ್ರನ್. ಮರುವರ್ಷ ಆಗಸ್ಟ್‌ನಲ್ಲಿ ವರದಿ ಕೋರ್ಟಿನ ಮುಂದೆ ಬಂತು. ಪರೀಕ್ಷೆಗೆ ಬಂದ 29 ಫೋನ್‌ಗಳಲ್ಲಿ 5ರಲ್ಲಿ ಏನೋ ಒಂದು ಕುತಂತ್ರಾಂಶ ಇತ್ತು, ಅದು ಪೆಗಾಸಸ್ ಅಂತ ಖಚಿತವಾಗಿ ಹೇಳೋಕಾಗಲ್ಲ ಅಂತ. ಜೊತೆಗೆ ಸರ್ಕಾರ ಸಮಿತಿಗೆ ಸಹಕಾರ ಕೊಡಲಿಲ್ಲ ಅನ್ನೋ ಮಾತನ್ನು ಮುಖ್ಯ ನ್ಯಾಯಮೂರ್ತಿಗಳೇ ತೆರೆದ ಕೋರ್ಟಿನಲ್ಲಿ ಹೇಳಿದರು. ಕೊಂಡಿರಾ, ಇಲ್ವಾ? ಈ ಒಂದು ಪ್ರಶ್ನೆಗೆ ಹೌದು ಅಥವಾ ಇಲ್ಲ ಅನ್ನೋ ನೇರ ಉತ್ತರ ಬರಲಿಲ್ಲ.

ಸ್ವಲ್ಪ ಹಿಂದಕ್ಕೆ ಹೋಗೋಣ. 1988ರ ಆಗಸ್ಟ್. ಫೋನ್ ಕದ್ದಾಲಿಕೆ ಆರೋಪದಲ್ಲಿ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ ಕುರ್ಚಿ ಬಿಟ್ಟರು. ಆ ಕಾಲದಲ್ಲಿ ಕದ್ದು ಕೇಳಬೇಕಾದ್ರೆ ಒಂದು ಆದೇಶ ಬೇಕಿತ್ತು, ಟೆಲಿಫೋನ್ ಎಕ್ಸ್‌ಚೇಂಜ್ ಬೇಕಿತ್ತು, ಅಲ್ಲಿ ಕೂತು ಕೇಳೋ ಮನುಷ್ಯರು ಬೇಕಿತ್ತು. ಎಲ್ಲೋ ಒಂದು ಕಡೆ ಕಾಗದ ಉಳೀತಿತ್ತು. ಕೇಳಿಸ್ತಿದ್ದದ್ದೂ ನೀವು ಫೋನಿನಲ್ಲಿ ಆಡಿದ ಮಾತು ಮಾತ್ರ. ಫೋನ್ ಇಟ್ಟ ಮೇಲೆ ಆಡಿದ್ದು ಯಾರಿಗೂ ಕೇಳ್ತಿರಲಿಲ್ಲ. ಇವತ್ತಿನದು ಫೋನ್ ಇಟ್ಟ ಮೇಲೂ ಕೇಳುತ್ತೆ. ಹತ್ತು ವರ್ಷದ ಫೋಟೊ ನೋಡುತ್ತೆ. ಕಾಗದ ಉಳಿಯೋದು ಎಲ್ಲಿ? ಜವಾಬು ಕೊಡೋರು ಯಾರು? 1988ರಲ್ಲಿ ಬರೀ ಮಾತು ಕೇಳಿದ ಆರೋಪಕ್ಕೆ ಒಬ್ಬ ಮುಖ್ಯಮಂತ್ರಿ ಹೋದರು. ಇವತ್ತು ಅದಕ್ಕಿಂತ ಎಷ್ಟೋ ದೊಡ್ಡ ಆರೋಪಕ್ಕೆ ಒಬ್ಬ ಗುಮಾಸ್ತನೂ ಉತ್ತರ ಕೊಡಬೇಕಾಗಿ ಬರಲಿಲ್ಲ.

ಇನ್ನೂ ಒಂದು ಮಾತು. ಒಳಗೆ ಬಂದವನು ಕದಿಯೋದು ಮಾತ್ರವಲ್ಲ, ಇಟ್ಟೂ ಹೋಗಬಹುದು. ಭೀಮಾ ಕೋರೆಗಾಂವ್ ಪ್ರಕರಣದಲ್ಲಿ ಬಂಧನಕ್ಕೊಳಗಾದ ರೋನಾ ವಿಲ್ಸನ್ ಅವರ ಲ್ಯಾಪ್‌ಟಾಪ್‌ನ ಪ್ರತಿಯನ್ನು, ಅವರ ವಕೀಲರ ಕೋರಿಕೆಯಂತೆ, ಅಮೆರಿಕದ ಆರ್ಸೆನಲ್ ಕನ್ಸಲ್ಟಿಂಗ್ ಅನ್ನೋ ಸಂಸ್ಥೆ ಪರೀಕ್ಷೆ ಮಾಡಿತು. 2021ರ ಫೆಬ್ರುವರಿಯಲ್ಲಿ ಅದರ ವರದಿ ಹೊರಬಂತು. 2016ರ ಜೂನ್‌ನಲ್ಲಿ ಒಂದು ಇಮೇಲ್ ಜೊತೆ ಬಂದ ಫೈಲ್ ತೆರೆದಾಗ ನೆಟ್‌ವೈರ್ ಅನ್ನೋ ಸ್ಪೈವೇರ್ ಒಳಹೊಕ್ಕಿತು, 22 ತಿಂಗಳು ಅಲ್ಲೇ ಇತ್ತು, ಪೊಲೀಸರು ಸಾಕ್ಷಿ ಅಂತ ತೋರಿಸಿದ ಪತ್ರಗಳನ್ನು ಅದೇ ದಾರಿಯಲ್ಲಿ ತಂದಿಡಲಾಗಿತ್ತು ಅನ್ನೋದು ಆ ವರದಿಯ ಸಾರಾಂಶ. ತನಿಖಾ ಸಂಸ್ಥೆ ಇದನ್ನು ಒಪ್ಪಿಲ್ಲ. ತೀರ್ಮಾನ ಕೋರ್ಟಿಗೆ ಬಿಟ್ಟದ್ದು, ನಾನು ತೀರ್ಪು ಕೊಡಲ್ಲ. ಆದರೆ ಆ ನೆಟ್‌ವೈರ್ ಯಾವುದೋ ಸೇನೆಯ ಗುಪ್ತ ಅಸ್ತ್ರ ಅಲ್ಲ, ಇಂಟರ್ನೆಟ್‌ನಲ್ಲಿ ಬಹಿರಂಗವಾಗಿ ಮಾರಾಟಕ್ಕಿದ್ದ ಸರಕು. 2023ರ ಮಾರ್ಚ್‌ನಲ್ಲಿ ಅಮೆರಿಕ ಅದರ ವೆಬ್‌ಸೈಟನ್ನು ವಶಪಡಿಸಿಕೊಂಡಿತು. ಅಲ್ಲಿಯವರೆಗೆ ದುಡ್ಡಿದ್ದ ಯಾರು ಬೇಕಾದರೂ ಕೊಳ್ಳಬಹುದಿತ್ತು. ನನ್ನ ಬಳಿ ಮುಚ್ಚಿಡೋಕೆ ಏನೂ ಇಲ್ಲ, ನಾನ್ಯಾಕೆ ಹೆದರಲಿ ಅನ್ನೋರು ಇದನ್ನು ಯೋಚನೆ ಮಾಡಬೇಕು. ನಿಮ್ಮ ಬಳಿ ಏನೂ ಇಲ್ಲದಿದ್ರೂ ಇಟ್ಟು ಹೋಗಲು ಸಾಧ್ಯ.

ಹಾಗಾದ್ರೆ ಮಾಡೋದೇನು? ಎಲ್ಲಾ ಮುಗೀತು, ದೊಡ್ಡವರ ಫೋನಿಗೇ ರಕ್ಷಣೆ ಇಲ್ಲ, ನಮ್ಮದೇನು ಅಂತ ಕೈಚೆಲ್ಲಬೇಕಾ? ಖಂಡಿತ ಬೇಡ. ಪೆಗಾಸಸ್ ಭಯಂಕರ ದುಬಾರಿ ಸರಕು. ನಿಮ್ಮ ಪಿಂಚಣಿ ಹಣಕ್ಕೆ ಅದನ್ನು ಯಾರೂ ಬಿಡಲ್ಲ. ನಿಮ್ಮ ಮನೆಗೆ ಬರೋದು ಮೊದಲ ಮೂರು ಬಾಗಿಲಿನವನು. ಅವನನ್ನು ತಡೆಯೋಕೆ ಎಂಜಿನಿಯರ್ ಆಗಬೇಕಿಲ್ಲ. ಬರೆದುಕೊಳ್ಳಿ.

ಒಂದು, ಅಪ್‌ಡೇಟ್. ಫೋನು, ವಿಂಡೋಸು, ಬ್ರೌಸರು ಅಪ್‌ಡೇಟ್ ಕೇಳಿದಾಗ 'ಆಮೇಲೆ' ಅನ್ನಬೇಡಿ. ಅಪ್‌ಡೇಟ್ ಅಂದ್ರೆ ಗೋಡೆಯಲ್ಲಿ ಕಂಡ ಬಿರುಕಿಗೆ ಸಿಮೆಂಟು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಇನ್ನೂ ಅದರಲ್ಲೇ ಇರೋ ಅಂಗಡಿಯವರು, ಶಾಲೆಯವರು ಮುಂದಿನ ದಾರಿ ಯೋಚಿಸಿ.

ಎರಡು, ಆ್ಯಪ್ ಬೇಕಾದ್ರೆ ಪ್ಲೇ ಸ್ಟೋರ್ ಅಥವಾ ಆಪ್ ಸ್ಟೋರ್‌ನಿಂದ ಮಾತ್ರ. ಅಲ್ಲಿರೋದೆಲ್ಲ ಅಪ್ಪಟ ಚಿನ್ನ ಅಂತಲ್ಲ, ಆದರೆ ಮೆಸೇಜ್‌ನಲ್ಲಿ ಬಂದದ್ದಕ್ಕಿಂತ ಸಾವಿರ ಪಾಲು ವಾಸಿ. ಪ್ಲೇ ಪ್ರೊಟೆಕ್ಟ್ ಆಫ್ ಮಾಡಿ ಅಂತ ಯಾರಾದ್ರೂ ಹೇಳಿದ್ರೆ ಅವನೇ ಕಳ್ಳ.

ಮೂರು, ಅನುಮತಿ. ಟಾರ್ಚ್ ಆ್ಯಪ್‌ಗೆ ನಿಮ್ಮ ಕಾಂಟ್ಯಾಕ್ಟ್ಸ್ ಯಾಕೆ ಬೇಕು? ಪಂಚಾಂಗದ ಆ್ಯಪ್‌ಗೆ ಮೈಕು ಯಾಕೆ? ಇವತ್ತು ರಾತ್ರಿ ಊಟ ಆದ ಮೇಲೆ ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ, ಎಸ್‌ಎಂಎಸ್, ಮೈಕು, ಕ್ಯಾಮೆರಾ, ಆ್ಯಕ್ಸೆಸಿಬಿಲಿಟಿ, ಈ ನಾಲ್ಕನ್ನು ಯಾರ್ಯಾರಿಗೆ ಕೊಟ್ಟಿದ್ದೀರಿ ನೋಡಿ. ಬೇಡದ್ದನ್ನು ಕಿತ್ತುಹಾಕಿ. ತೆರೆಯ ಮೇಲಿನ ಮೂಲೆಯಲ್ಲಿ ಸಣ್ಣ ಹಸಿರು ಚುಕ್ಕೆ ಬರುತ್ತಲ್ಲ, ಅದು ಕ್ಯಾಮೆರಾ ಅಥವಾ ಮೈಕು ಕೆಲಸ ಮಾಡ್ತಿದೆ ಅನ್ನೋ ಸೂಚನೆ. ಐಫೋನ್‌ನಲ್ಲಿ ಮೈಕಿಗೆ ಕಿತ್ತಳೆ ಚುಕ್ಕೆ. ನೀವು ಏನೂ ಮಾಡದಿದ್ದಾಗ ಅದು ಬಂದ್ರೆ ಯಾರು ಅಂತ ವಿಚಾರಿಸಿ.

ನಾಲ್ಕು, ಕಂಪ್ಯೂಟರ್‌ನಲ್ಲಿ ದಿನನಿತ್ಯದ ಕೆಲಸಕ್ಕೆ ಅಡ್ಮಿನ್ ಅಕೌಂಟ್ ಬೇಡ. ಸಾಮಾನ್ಯ ಅಕೌಂಟ್ ಮಾಡಿಕೊಳ್ಳಿ. ವಿಂಡೋಸ್ ಜೊತೆಗೇ ಡಿಫೆಂಡರ್ ಬರುತ್ತೆ, ಅದನ್ನು ಆರಿಸಬೇಡಿ. 'ನಿಮ್ಮ ಕಂಪ್ಯೂಟರ್‌ನಲ್ಲಿ 17 ವೈರಸ್ ಇದೆ, ಇಲ್ಲಿ ಒತ್ತಿ' ಅಂತ ವೆಬ್‌ಸೈಟ್ ಕೂಗಿದ್ರೆ ಒತ್ತಬೇಡಿ. ಕಳ್ಳ ಕಳ್ಳ ಅಂತ ಕೂಗ್ತಾ ಓಡೋನೇ ಕಳ್ಳ. ಕ್ರ್ಯಾಕ್ ಬಿಟ್ಟುಬಿಡಿ. ಲಿಬ್ರೆ ಆಫೀಸ್, ಜಿಂಪ್, ಇಂಕ್‌ಸ್ಕೇಪ್ ಅಂತ ಉಚಿತವಾಗಿ, ಪ್ರಾಮಾಣಿಕವಾಗಿ ಸಿಗುವ ತಂತ್ರಾಂಶಗಳಿವೆ.

ಐದು, ಮುಖ್ಯವಾದ ಖಾತೆಗಳಿಗೆ ಎರಡು ಹಂತದ ಬೀಗ ಹಾಕಿ. ಬ್ಯಾಂಕಿನ ಪಾಸ್‌ವರ್ಡನ್ನು ಸೈಬರ್ ಸೆಂಟರ್ ಕಂಪ್ಯೂಟರ್‌ನಲ್ಲಿ ಹಾಕಲೇಬೇಡಿ. ಫೋನಿನ ಪಿನ್ ನಿಮ್ಮದು, ಮನೆಯ ಆಸ್ತಿ ಅಲ್ಲ. ವಾರಕ್ಕೊಮ್ಮೆಯಾದ್ರೂ ಫೋನ್ ಆಫ್ ಮಾಡಿ ಆನ್ ಮಾಡಿ. ಅಮೆರಿಕದ ಎನ್‌ಎಸ್‌ಎ ಅನ್ನೋ ಬೇಹು ಸಂಸ್ಥೆಯೇ ಈ ಸಲಹೆ ಕೊಟ್ಟಿದೆ. ಕಳ್ಳರ ವಿಷಯ ಅವರಿಗೆ ಚೆನ್ನಾಗಿ ಗೊತ್ತಿರುತ್ತೆ!

ಪತ್ರಕರ್ತರು, ವಕೀಲರು, ಮಾಹಿತಿ ಹಕ್ಕು ಕಾರ್ಯಕರ್ತರು, ನಿಮಗೆ ಇನ್ನೂ ಒಂದು ಹೆಜ್ಜೆ. ಐಫೋನ್‌ನಲ್ಲಿ 2022ರಿಂದ ಲಾಕ್‌ಡೌನ್ ಮೋಡ್ ಇದೆ. ಕೆಲವು ಅನುಕೂಲ ಕಡಿಮೆ ಆಗುತ್ತೆ, ದಾಳಿಯ ದಾರಿಗಳೂ ಕಡಿಮೆ ಆಗ್ತಾವೆ.

ಆಗಲೇ ಒಳಗೆ ಬಂದಿದ್ರೆ? ಬ್ಯಾಂಕಿಗೆ ಕನ್ನ ಹಾಕೋ ಆ್ಯಪ್ ಅಂತ ಅನುಮಾನ ಬಂದ್ರೆ ಮೊದಲು ಇಂಟರ್ನೆಟ್ ಬಂದ್ ಮಾಡಿ. ಬೇರೆ ಫೋನಿನಿಂದ ಬ್ಯಾಂಕಿಗೆ ಹೇಳಿ. ದುಡ್ಡು ಹೋಗಿದ್ರೆ ತಕ್ಷಣ 1930ಕ್ಕೆ ಕರೆ ಮಾಡಿ. ನಾಳೆ ನೋಡೋಣ ಅಂದ್ರೆ ದುಡ್ಡು ಹತ್ತು ಖಾತೆ ದಾಟಿರುತ್ತೆ. ಪಾಸ್‌ವರ್ಡ್‌ಗಳನ್ನು ಬದಲಿಸಿ, ಆದರೆ ಸೋಂಕಿಲ್ಲದ ಬೇರೆ ಸಾಧನದಿಂದ. ಅದೇ ಫೋನಿನಲ್ಲಿ ಬದಲಿಸಿದ್ರೆ ಹೊಸ ಪಾಸ್‌ವರ್ಡೂ ಅವನಿಗೆ ಸಿಗುತ್ತೆ. 'ಎಲ್ಲಾ ಸಾಧನಗಳಿಂದ ಲಾಗೌಟ್' ಅನ್ನೋದನ್ನು ಒತ್ತಿ. ಆಗ ನಾನು ಹೇಳಿದ ಜಾತ್ರೆಯ ಮುದ್ರೆ ಅಳಿಸಿ ಹೋಗುತ್ತೆ. ಕೇಂದ್ರ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರ 2017ರಿಂದ ಉಚಿತವಾಗಿ ಶುಚಿಗೊಳಿಸುವ ಸಾಧನಗಳನ್ನು ಕೊಡ್ತಿದೆ, ಬಳಸಿ. ಅಷ್ಟಕ್ಕೂ ಬಗ್ಗದಿದ್ರೆ ಪೊಲೀಸ್ ದೂರು ಕೊಟ್ಟು, ಅವರಿಗೆ ಸಾಕ್ಷಿ ಬೇಕಾ ಅಂತ ಕೇಳಿಕೊಂಡು, ಬೇಕಾದ ಫೋಟೊ, ಕಾಗದ ಉಳಿಸಿಕೊಂಡು ಪೂರ್ತಿ ಫಾರ್ಮ್ಯಾಟ್ ಮಾಡಿ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ್ರು ಅನ್ನೋ ಗಾದೆ ಇದೆ. ಇಲ್ಲಿ ಕೊಳ್ಳೆ ಹೊಡೀತಾ ಇರುವಾಗ ಹಾಕಿದ್ರೂ ಅರ್ಧ ಊರು ಉಳಿಯುತ್ತೆ.

ಇದಿಷ್ಟು ನಮ್ಮ ಕೆಲಸ. ಇನ್ನು ನಾಲ್ಕನೇ ಬಾಗಿಲು.

2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಅಂತ ಒಮ್ಮತದಿಂದ ಹೇಳಿತು. ಆ ತೀರ್ಪಿಗೆ ಇರೋ ಹೆಸರು ಯಾರದು? ಕೆ.ಎಸ್. ಪುಟ್ಟಸ್ವಾಮಿ. ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. ಎಂಬತ್ತು ದಾಟಿದ ವಯಸ್ಸಿನಲ್ಲಿ ಕೋರ್ಟಿಗೆ ಹೋದ ಹಿರಿಯರು. ಈ ಹಕ್ಕನ್ನು ಕೇಳಿ ಕೊಡಿಸಿದ್ದು ಕನ್ನಡ ನಾಡಿನವರೇ. ಅದನ್ನು ಉಳಿಸಿಕೊಳ್ಳೋದೂ ನಮ್ಮ ಜವಾಬ್ದಾರಿ ತಾನೇ?

ಭಯೋತ್ಪಾದಕನ ಫೋನ್ ಕೇಳಬೇಡಿ ಅಂತ ಯಾರೂ ಹೇಳ್ತಿಲ್ಲ. ಕೇಳಿ. ಆದರೆ ಯಾರ ಅಪ್ಪಣೆ ಮೇಲೆ ಕೇಳಿದಿರಿ, ಯಾವ ಕಾರಣಕ್ಕೆ, ಎಷ್ಟು ದಿನ, ಅದನ್ನು ಸರ್ಕಾರದ ಹೊರಗಿನ ಯಾರು ಪರಿಶೀಲಿಸಿದರು, ಇದಕ್ಕೆ ಕಾನೂನಿನಲ್ಲಿ ಉತ್ತರ ಇರಬೇಕು. ಈಗ ಅಪ್ಪಣೆ ಕೊಡೋದೂ ಅಧಿಕಾರಿಗಳೇ, ಪರಿಶೀಲಿಸೋದೂ ಅಧಿಕಾರಿಗಳೇ. ಬೇಲಿಯೇ ಎದ್ದು ಹೊಲ ಮೇಯ್ದರೆ ರೈತ ಯಾರಿಗೆ ದೂರು ಕೊಡಬೇಕು? ಸರ್ಕಾರ ಯಾವ ಪಕ್ಷದ್ದಾದರೂ ಇರಲಿ, ಈ ಪ್ರಶ್ನೆ ಅದೇ. ಇವತ್ತು ವಿರೋಧ ಪಕ್ಷದಲ್ಲಿ ಕೂತು ಕೂಗೋರು ನಾಳೆ ಕುರ್ಚಿಗೆ ಬಂದ್ರೆ ಈ ಯಂತ್ರವನ್ನು ಬಿಸಾಕ್ತಾರೆ ಅಂತ ನನಗೇನೂ ನಂಬಿಕೆ ಇಲ್ಲ.

'ಎಚ್ಚರವಾಗಿರಿ' ಅಂತ ಪ್ರಜೆಗೆ ಹೇಳೋದು ಸುಲಭ. ಕೆಲವು ಕಾಲ ಫೋನ್ ಎತ್ತಿದ್ರೆ ಸಾಕು, ಸೈಬರ್ ಜಾಗೃತಿ ಸಂದೇಶ ಕೇಳಿಸ್ತಿತ್ತು. ನಾನೂ ಇವತ್ತು ಇಷ್ಟು ಹೊತ್ತು ಅದನ್ನೇ ಹೇಳಿದೆ. ಮದುವೆ ಕರೆಯೋಲೆಗೆ ಆ ಎಚ್ಚರ ಸಾಕು. ಆದರೆ ಒತ್ತದಿದ್ರೂ ಒಳಗೆ ಬರುವವನಿಗೆ ನನ್ನ ಎಚ್ಚರ ಅಡ್ಡ ಬರಲ್ಲ, ಕಾನೂನು ಮಾತ್ರ ಅಡ್ಡ ಬರಬಲ್ಲದು. ನಮ್ಮ ಕೈಲಿರೋ ಮೂರು ಬಾಗಿಲನ್ನು ನಾವು ಹಾಕಿಕೊಳ್ಳೋಣ, ಇವತ್ತೇ. ನಾಲ್ಕನೇ ಬಾಗಿಲಿನ ಬೀಗದ ಕೈ ಯಾರ ಹತ್ತಿರ ಇದೆ ಅಂತ, ಓಟು ಕೇಳೋಕೆ ಬಂದಾಗ ಅವರನ್ನೇ ಕೇಳೋಣ.

ಯೋಚನೆ ಮಾಡಿ.